ಕುಂದಾಪುರ ಪ್ರಾಂತದಲ್ಲಿ ಖಾಸಗಿ ಓಲೆಯ ಚರಿತ್ರೆ

ನಮ್ಮ ಪ್ರಾಂತದ ಚರಿತ್ರೆಯನ್ನು ಬರೆಯಹೊರಟವರು ಬಾರಕೂರಿನ ಶಾಸನಗಳನ್ನೂ ಬಸರೂರಿನ ಬಂದರನ್ನೂ ಕೊಲ್ಲೂರಿನ ದೇವಾಲಯವನ್ನೂ ಕುರಿತು ಬೇಕಾದಷ್ಟು ಬರೆದಿರುವರು. ಕಲ್ಲಿನ ಮೇಲೆ ಕೆತ್ತಿಸಿದುದು ಹತ್ತು ಮಂದಿ ಓದಲೆಂದೇ ಕೆತ್ತಿಸಿದುದು. ಆದುದರಿಂದ ಅದು ಉಳಿಯಿತು, ಚರಿತ್ರಕಾರನಿಗೂ ದೊರೆಯಿತು. ಒಬ್ಬರು ಇನ್ನೊಬ್ಬರಿಗೆ ಮಾತ್ರವೇ ತಿಳಿಯಲೆಂದು ಬರೆದ ಓಲೆಯ ಗತಿ ಹಾಗಾಗಲಿಲ್ಲ. ಓದಿದವರು ಅದನ್ನು ಹರಿದರು, ಒಲೆಗಿಟ್ಟರು, ಇಲ್ಲವೆ ಗೆದ್ದಲಿಗೆ ಬಿಟ್ಟರು. ಹೀಗಾಗಿ ಖಾಸಗಿ ಮಾತಿಗೆ ಚರಿತ್ರೆಯೇ ಇಲ್ಲವೆಂದು ನಾವು ಎಣಿಸಿಕೊಂಡಿರುವೆವು. ಈಗ ಶಿರೂರಿನಿಂದ ಮೊದಲ್ಗೊಂಡು ಬ್ರಹ್ಮಾವರ ಪರ್ಯಂತ ಮನೆಮನೆಯಲ್ಲಿಯೂ ಮೊಬೈಲು ಇರುವುದರಿಂದಲೂ, ವಾಟ್ಸಾಪು, ಮೆಸೆಂಜರು, ಇನ್‌ಸ್ಟಾಗ್ರಾಮುಗಳ ಮೂಲಕ ಗಳಿಗೆಗೊಂದು ಖಾಸಗಿ ಸಂದೇಶವು ಹೋಗಿಬರುತ್ತಿರುವುದರಿಂದಲೂ, ಈ ಗುಟ್ಟನ್ನು ಕಾಯುವವರು ಯಾರು ಎಂಬ ಪ್ರಶ್ನೆಯು ಹೊಸದೋ ಎಂಬಂತೆ ಕೇಳಿಬರುತ್ತಲಿದೆ. ಪ್ರಶ್ನೆ ಬಹಳ ಹಳೆಯದು. ಇಬ್ಬರ ನಡುವಣ ಮಾತಿಗೆ ಮೂರನೆಯವನೊಬ್ಬನು ಎಂದೂ ಇದ್ದೇ ಇದ್ದನು. ಅವನು ಕಾಲಕಾಲಕ್ಕೆ ವೇಷವನ್ನು ಬದಲಿಸಿದ ಬಗೆಯೇ ಈ ಲೇಖನದ ವಿಷಯ.

ಪೂರ್ವದಲ್ಲಿ ತಾಳೆಯ ಗರಿಯನ್ನು ಹದಮಾಡಿ, ಕಂಟದಿಂದ ಬರೆದು, ಸುರುಳಿ ಸುತ್ತಿ, ದಾರ ಬಿಗಿದು ಕಳುಹಿಸುತ್ತಿದ್ದರು. ದಾರದ ಗಂಟಿನ ಮೇಲೆ ಮುದ್ರೆಯೊತ್ತಿದ್ದರೆ ಅದು ಗುಟ್ಟಿನ ಓಲೆ. ಮುದ್ರೆಯು ಓಲೆಯನ್ನು ಮುಚ್ಚಬಲ್ಲುದೇ ಹೊರತು ಒಯ್ಯಲಾರದು. ಒಯ್ಯುವುದಕ್ಕೆ ಆಳು ಬೇಕು. ಹಾಗೆ ಒಯ್ಯುವವನ ನಂಬಿಕೆಯೇ ಓಲೆಯ ನಿಜವಾದ ಬೀಗವಾಗಿದ್ದಿತು. ಘಟ್ಟವನ್ನೇರಿ ಹೋಗುವ ವರ್ತಕರ ಸಂಗಡವೋ, ಮಂಜಿಯ ತಂಡೇಲನ ಸಂಗಡವೋ ಓಲೆಯನ್ನು ಕೊಟ್ಟು ಕಳುಹಿಸುವುದು ರೂಢಿ. ರಾಜರ ಓಲೆಗಳಿಗೆ ಮಾತ್ರ ಬೇರೆಯೇ ಏರ್ಪಾಡು.

ಆ ರಾಜರ ಏರ್ಪಾಡು ಎಂತಹುದಿದ್ದಿತೆಂಬುದಕ್ಕೆ ಮೈಸೂರು ಸೀಮೆಯ ಅಂಚೆಯೇ ಒಳ್ಳೆಯ ನಿದರ್ಶನ. ಚಿಕ್ಕದೇವರಾಜ ಒಡೆಯರು (ಆಳಿಕೆ ೧೬೭೩–೧೭೦೪) ರಾಜ್ಯದ ಉದ್ದಗಲಕ್ಕೂ ಅಂಚೆಯನ್ನಿಟ್ಟರೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆದರೆ ಮೈಸೂರಿನ ಚರಿತ್ರೆಯನ್ನು ಬರೆದ ಕರ್ನಲ್ ವಿಲ್ಕ್ಸನು ಆ ಅಂಚೆಯ ಇನ್ನೊಂದು ಮುಖವನ್ನೂ ತೋರಿಸಿರುವನು. ಅವನು ಹೇಳುವ ಪ್ರಕಾರ ಅಂಚೆಯು ವರ್ತಮಾನವನ್ನು ಮುಟ್ಟಿಸುವ ಸಾಧನವಾಗಿದ್ದಂತೆಯೇ ವರ್ತಮಾನವನ್ನು ಕದ್ದು ತಿಳಿಯುವ ಸಾಧನವೂ ಆಗಿದ್ದಿತು; ಅಂಚೆಯ ಅಧಿಕಾರಿಗಳು ಅರಮನೆಯ ಆಪ್ತರು, ಕೆಳಗಿನ ಆಳುಗಳು ಗೂಢಚಾರರು. ೧೭೬೩ರಲ್ಲಿ ಕೆಳದಿಯ ರಾಜ್ಯವು ಹೈದರಾಲಿಯ ಕೈಸೇರಿದಾಗ ಬಸರೂರು, ಕುಂದಾಪುರ, ಬಾರಕೂರುಗಳೂ ಅದರೊಡನೆ ಮೈಸೂರಿನ ಆಳಿಕೆಗೆ ಬಂದುವು. ಓಲೆಯನ್ನು ಒಯ್ಯುವವನೇ ಓಲೆಯನ್ನು ಓದುವವನೂ ಆಗುವ ಸಂಭವವು ಅಂಚೆ ಹುಟ್ಟಿದಂದಿನಿಂದಲೂ ಅಂಚೆಯೊಡನೆಯೇ ಇದೆಯೆಂಬುದು ಇದರಿಂದ ತಿಳಿಯುತ್ತದೆ.

೧೭೯೯ರಲ್ಲಿ ಟಿಪ್ಪುವಿನ ಪತನದ ತರುವಾಯ ಕನ್ನಡ ಜಿಲ್ಲೆಗೆ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಅವನು ೧೮೦೦ನೇ ಮೇ ೩೧ರಂದು ಬರೆದ ಭೂಕಂದಾಯದ ವರದಿಯನ್ನು ನಮ್ಮ ವಕೀಲರು ಮುಂದೆ ಎಷ್ಟೋ ಕಾಲ ಉದಾಹರಿಸುತ್ತಲಿದ್ದರು. ಅದೇ ಮನ್ರೋ ಈ ಜಿಲ್ಲೆಯ ವಾಸ ತನಗೆ ಸಾಕಾಯಿತೆಂದು, ಬೇರೆಡೆಗೆ ವರ್ಗವಾದರೆ ಬದುಕಿದೆನೆಂದು ಮಿತ್ರರಿಗೆ ಖಾಸಗಿಯಾಗಿ ಬರೆಯುತ್ತಲಿದ್ದನು. ಗ್ಲೀಗನು ೧೮೩೦ರಲ್ಲಿ ಅಚ್ಚು ಹಾಕಿಸಿದ ಮನ್ರೋವಿನ ಜೀವನಚರಿತ್ರೆಯಲ್ಲಿ ಈ ಖಾಸಗಿ ಕಾಗದಗಳು ಹೊರಬಿದ್ದುವು. ಮನ್ರೋ ತೀರಿಕೊಂಡಿದ್ದುದು ೧೮೨೭ರಲ್ಲಿ. ಪ್ರಕಟಿಸಬಹುದೋ ಎಂದು ಆತನನ್ನು ಕೇಳುವಂತಿರಲಿಲ್ಲ. ಚರಿತ್ರಕಾರನಿಗೆ ಇದರಿಂದ ಲಾಭವಾಯಿತೆಂಬುದು ದಿಟ. ಬರೆದವನಿಗೆ ಅನ್ಯಾಯವಾಯಿತೋ ಎಂಬುದನ್ನು ವಾಚಕರು ಆಲೋಚಿಸಲಿ. ಈ ಮಾತಿಗೆ ಲೇಖನದ ಕೊನೆಯಲ್ಲಿ ಪುನಃ ಬರಬೇಕಾಗಿದೆ.

ಜನಸಾಮಾನ್ಯರ ಕಾಗದಗಳಿಗೆ ಸರಕಾರದ ಟಪ್ಪಾಲು ದೊರೆತುದು ಕಂಪನಿಯ ಕಾಲದಲ್ಲಿ. ೧೮೩೭ರ ಕಾಯಿದೆಯಿಂದ ಕಾಗದ ಸಾಗಿಸುವ ಹಕ್ಕು ಸರಕಾರದ್ದೊಂದೇ ಎಂದಾಯಿತು. ೧೮೫೪ರಲ್ಲಿ ದೇಶಕ್ಕೆಲ್ಲ ಒಂದೇ ದರವನ್ನು ಗೊತ್ತುಮಾಡಿ, ಅರ್ಧಾಣೆಯ ಸ್ಟಾಂಪು ಅಂಟಿಸಿದರೆ ಹಗುರವಾದ ಕಾಗದವು ಎಷ್ಟು ದೂರಕ್ಕಾದರೂ ಹೋಗುವಂತೆ ಮಾಡಿದರು. ನಮ್ಮ ಕಡೆ ಆ ಕಾಗದವು ಬರುತ್ತಿದ್ದ ದಾರಿ ಸುಲಭದ್ದಾಗಿರಲಿಲ್ಲ. ಮಂಗಳೂರಿನಿಂದ ಬಡಗಲಾಗಿ ಬರುವ ಟಪ್ಪಾಲು ಹೊಳೆಹೊಳೆಗೂ ಕಡವಿನಲ್ಲಿ ದೋಣಿಗಾಗಿ ಕಾಯಬೇಕು: ಸ್ವರ್ಣೆ, ಸೀತೆ, ಆಮೇಲೆ ಪಂಚಗಂಗಾವಳಿ. ಮಂಗಳೂರಿಗೆ ರೈಲು ಬಂದುದು ೧೯೦೭ರಲ್ಲಿ; ಕುಂದಾಪುರ ಬೈಂದೂರುಗಳಿಗೆ ರೈಲನ್ನು ತಂದ ಕೊಂಕಣ ರೈಲ್ವೆಯು ದೇಶಕ್ಕೆ ಸಮರ್ಪಿತವಾದುದು ೧೯೯೮ರಲ್ಲಿ. ಮಳೆಗಾಲದಲ್ಲಿ ಕಡಲ ದಾರಿ ಮುಚ್ಚಿತೆಂದರೆ ಮುಂಬಯಿಯ ಕಾಗದವು ಯಾವಾಗ ಬಂದೀತೆಂದು ಹೇಳುವವರಿರಲಿಲ್ಲ.

ಇಂತಹ ದಾರಿಯಲ್ಲಿ ೧೮೭೯ನೇ ಜುಲೈ ತಿಂಗಳಿಂದ ಕಾಲಾಣೆಯ ಕಾರ್ಡು ಹೊರಟಿತು. ಕಾರ್ಡನ್ನು ಮೊದಲು ಹೊರಡಿಸಿದ ದೇಶ ಆಸ್ಟ್ರಿಯಾ, ೧೮೬೯ರಲ್ಲಿ. ಬಿಚ್ಚಿದ ಕಾಗದದ ಮೇಲೆ ಮನೆಯ ಸುದ್ದಿಯನ್ನು ಬರೆದರೆ ಆಳುಕಾಳುಗಳೆಲ್ಲ ಓದುವರಲ್ಲಾ ಎಂದು ಯೂರೋಪಿನ ದೊಡ್ಡ ಮನೆಗಳವರು ಅಂದು ಮುಖ ಸಿಂಡರಿಸಿದರು. ನಮ್ಮ ಹಳ್ಳಿಗಳಲ್ಲಿ ಕಾರ್ಡು ಕೂಡಲೇ ಮನೆಮಾತಾಯಿತು. ಅದು ಅಗ್ಗವಾಗಿದ್ದುದು ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದಕ್ಕಿಂತ ದೊಡ್ಡ ಕಾರಣವೊಂದಿದೆಯೆಂದು ನನ್ನ ಅಭಿಪ್ರಾಯ. ಬಹುಮಂದಿಗೆ ಲಕೋಟೆಯೂ ಮುಚ್ಚಿದ ಕಾಗದವಾಗಿರಲಿಲ್ಲ. ಬರೆಯಿಸುವುದಕ್ಕೆ ಒಬ್ಬನು, ಓದಿ ಹೇಳುವುದಕ್ಕೆ ಇನ್ನೊಬ್ಬನು ಬೇಕಾಗಿದ್ದಮೇಲೆ ಅಂಟು ಹಚ್ಚಿ ಮುಚ್ಚಿ ಬಂದುದು ಯಾವ ಗುಟ್ಟು?

ಈ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕಾಗಿದೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ನಮ್ಮ ಕರಾವಳಿಯ ಹುಡುಗರು ಮುಂಬಯಿ, ಮದ್ರಾಸು, ಬೆಂಗಳೂರುಗಳ ಹೋಟೆಲುಗಳಿಗೆ ಹೊರಟರು. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಹೋದ ಯಜ್ಞನಾರಾಯಣ ಮಯ್ಯರೂ ಅವರ ಸಹೋದರರೂ ೧೯೨೪ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮೆಂದು ಪ್ರಸಿದ್ಧವಾಯಿತು. ಹೆಸರು ಗಳಿಸಿದವರು ಕೆಲವರು. ಲೋಟ ತೊಳೆದು, ಹಿಟ್ಟು ರುಬ್ಬಿ, ಮೇಜು ಒರೆಸಿ ತಿಂಗಳ ಕೊನೆಗೆ ನಾಲ್ಕು ರೂಪಾಯಿ ಉಳಿಸಿ ಕಳುಹಿಸಿದವರು ಸಾವಿರಾರು ಮಂದಿ. ಹಣವು ಮನಿಯಾರ್ಡರಿನಲ್ಲಿ ಬರುವುದು. ಆ ಫಾರಮಿನ ಕೆಳಗೆ ನಾಲ್ಕು ಸಾಲು ಬರೆಯುವಷ್ಟು ಸ್ಥಳವಿರುತ್ತಿತ್ತು. ಎಷ್ಟೋ ಮನೆಗಳಲ್ಲಿ ಮಗನ ಮಾತೆಂದರೆ ಆ ನಾಲ್ಕು ಸಾಲೇ ಸರಿ. ಹಣವನ್ನು ಎಣಿಸಿಕೊಡುವ ಪೋಸ್ಟಿನವನೇ ಅದನ್ನು ಜಗಲಿಯ ಮೇಲೆ ಕುಳಿತು ಓದಿ ಹೇಳುವನು. ಅವನು ಓದುವಾಗ ಮನೆಯ ಮಂದಿಯೆಲ್ಲ ಸುತ್ತ ನೆರೆದಿರುವರು; ನೆರೆಮನೆಯವರೂ ಬಂದಿರುವರು. ಎಷ್ಟು ರೂಪಾಯಿ ಬಂದಿತೆಂಬುದು ಅಂದೇ ಸಂಜೆಯೊಳಗೆ ಊರಿಗೆಲ್ಲ ತಿಳಿದಿರುವುದು. ಸಾಲಗಾರನ ಕಿವಿಗೂ ಬಿದ್ದಿರುವುದೆಂದು ಬೇರೆ ಹೇಳಬೇಕಾಗಿಲ್ಲ.

ಹಳ್ಳಿಯ ಶಾಖಾ ಅಂಚೆ ಕಚೇರಿಯು ಅನೇಕ ಕಡೆಗಳಲ್ಲಿ ಶಾಲೆಯ ಮೇಷ್ಟರ ಕೈಯಲ್ಲಿಯೋ ಅಂಗಡಿಯವರ ಕೈಯಲ್ಲಿಯೋ ಇರುತ್ತಿದ್ದಿತು. ಬರೆದುಕೊಡುವವರೂ ಬಹುಮಟ್ಟಿಗೆ ಅವರೇ. ಈ ಮೂರನೆಯವನನ್ನು ನಾನು ಹೀಗಳೆಯುತ್ತಿಲ್ಲ. ಕೆಟ್ಟ ಸುದ್ದಿಯ ಕಾರ್ಡನ್ನು ಬಾಗಿಲಲ್ಲಿ ನಿಂತು ಥಟ್ಟನೆ ಓದಿಬಿಡದೆ, ಮನೆಯ ಹಿರಿಯನನ್ನು ಅಂಗಳದ ಆಚೆಗೆ ಕರೆದು ಮೆಲ್ಲನೆ ತಿಳಿಸುವ ವಿವೇಕವೂ ಅವನಿಗೆ ಸೇರಿದ್ದೇ. ಆದರೆ ಗುಟ್ಟೆಂಬುದು ಅವನ ಸೌಜನ್ಯಕ್ಕೆ ಒಪ್ಪಿಸಿದ ಒತ್ತೆಯಾಗಿದ್ದಿತು. ಅವನು ಒಳ್ಳೆಯವನಾದರೆ ಗುಟ್ಟು ಉಳಿಯಿತು, ಇಲ್ಲವಾದರೆ ಬೀದಿಗೆ ಬಂದಿತು.

ಇಂತಹ ಕಾಗದದ ಒಕ್ಕಣೆಯೂ ಅದಕ್ಕೆ ತಕ್ಕಂತೆಯೇ ಬೆಳೆದಿದ್ದಿತು. ತಂದೆಗೆ ತೀರ್ಥರೂಪರೆಂದು, ತಾಯಿಗೆ ಮಾತೋಶ್ರೀಯವರೆಂದು, ಕಿರಿಯರಿಗೆ ಚಿರಂಜೀವಿಯೆಂದು ಆರಂಭ. ಬಳಿಕ ಉಭಯ ಕುಶಲೋಪರಿ. ಬಳಿಕ ಮಳೆ ಬೆಳೆ, ದನ ಕರು, ಕೋರ್ಟಿನ ವಾಯಿದೆ. ದೂರದ ಊರಿನಲ್ಲಿರುವ ಗಂಡನು ಹೆಂಡತಿಗೆ ನೇರಾಗಿ ಬರೆಯುವುದು ಸಲುವಳಿಯಲ್ಲಿರಲಿಲ್ಲ. ತಂದೆಗೆ ಬರೆದ ಕಾಗದದ ಕೊನೆಯಲ್ಲಿ ಮನೆಯವರಿಗೆಲ್ಲ ನನ್ನ ಆಶೀರ್ವಾದ ಎಂದು ಬರೆದರೆ, ಆ 'ಎಲ್ಲ' ಎಂಬುದರೊಳಗೆ ತನ್ನನ್ನು ಹುಡುಕಿಕೊಳ್ಳುವುದು ಅವಳ ಪಾಲಿಗೆ ಬಂದುದು. ಅವಳು ಉತ್ತರ ಬರೆಯಿಸಬೇಕಾದರೂ ಮಾವನ ಬಾಯಿಯಿಂದ, ಮೇಷ್ಟರ ಕೈಯಿಂದ. ಅವಳಿಗೆ ಜ್ವರ ಬಂದುದು ಕಾಗದದಲ್ಲಿ ಬಂದೀತು. ಅವಳ ಮನಸ್ಸಿಗೆ ಬಂದುದು ಬಾರದು.

ಇನ್ನು ಭಾಷೆಯ ಮಾತು. ಕುಂದಾಪುರದ ಸುತ್ತಿನವರು ಮನೆಯಲ್ಲಿ ಆಡುವ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಇರುವ ದೂರವು ನಮ್ಮವರಿಗೆ ಗೊತ್ತೇ ಇದೆ. ತಾಯಿಯು 'ಹಬ್ಬಕ್ಕೆ ಬರ್ಕ್' ಎಂದು ಹೇಳಿದುದನ್ನು ಮೇಷ್ಟರು 'ಹಬ್ಬಕ್ಕೆ ಅಗತ್ಯವಾಗಿ ಬರತಕ್ಕದ್ದು' ಎಂದು ಬರೆಯುವರು. ಸೀತಾನದಿಯಿಂದ ತೆಂಕಲಾಗಿ ತುಳು ಆಡುವವರಿಗೂ, ಎಲ್ಲೆಡೆ ಹರಡಿರುವ ಕೊಂಕಣಿಯವರಿಗೂ ಕಾಗದದ ಭಾಷೆ ಬಹುಮಟ್ಟಿಗೆ ಕನ್ನಡವೇ. ಹೀಗೆ ಮನೆಮಾತು ಲೇಖನಿಯನ್ನು ದಾಟುವಷ್ಟರಲ್ಲಿಯೇ ಪರರ ಉಡುಪನ್ನು ತೊಟ್ಟುಕೊಂಡಿರುತ್ತಿತ್ತು. ಮೂರನೆಯವನು ಮಾತನ್ನು ಕೇಳಿದುದಷ್ಟೇ ಅಲ್ಲದೆ ಅದನ್ನು ತಿದ್ದಿಯೂ ಬಿಡುತ್ತಿದ್ದನು.

ಬರೆಯಲು ಬಾರದಿದ್ದವರೂ ತಮ್ಮದೇ ಉಪಾಯಗಳನ್ನು ಮಾಡಿಕೊಂಡಿದ್ದರು. ಮೂಲೆಗೆ ಅರಿಸಿನ ಕುಂಕುಮ ಹಚ್ಚಿದ ಕಾಗದವು ಶುಭದ್ದು. ಮೂಲೆಗೆ ಕಪ್ಪು ಬಳಿದುದು ಅಶುಭದ್ದು. ಇಷ್ಟನ್ನು ತಿಳಿಯುವುದಕ್ಕೆ ಅಕ್ಷರ ಬೇಡ. ಸ್ಟಾಂಪು ಹಚ್ಚದೆ ಬೇರಿಂಗಿನಲ್ಲಿ ಕಳುಹಿಸಿದ ಲಕೋಟೆಯ ಮೇಲ್ಗಡೆ ಗುರುತೊಂದನ್ನು ಮಾಡಿದ್ದರೆ, ಪಡೆಯುವವನು ಅದನ್ನು ನೋಡಿ ಕ್ಷೇಮವೆಂದರಿತು, ದುಪ್ಪಟ್ಟು ಹಣ ಕೊಡಲಾರೆನೆಂದು ಹಿಂದಿರುಗಿಸಿಬಿಡುವನು. ಒಂದು ನೂರು ವರ್ಷದ ಮೇಲೆ ಮೊಬೈಲಿನ 'ಮಿಸ್ಡ್ ಕಾಲ್' ಎಂಬುದು ಬಂದಾಗ ಇದು ನವೀನವೆಂದು ಕೆಲವರು ಬೆರಗಾದರು! ಬೆರಗಾಗುವ ಕಾರಣವಿರಲಿಲ್ಲ.

ಮೂರನೆಯವನ ಹಿಡಿತವನ್ನು ನಿಜವಾಗಿ ಸಡಿಲಿಸಿದುದು ಅಕ್ಷರ. ಮುಂಬಯಿಯಲ್ಲಿ ೧೯೦೨ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯೇ ಮೊದಲಾದ ಸಂಘಗಳು ನಮ್ಮ ಕಡೆಯ ದುಡಿಯುವ ಹುಡುಗರಿಗಾಗಿ ಕನ್ನಡದ ರಾತ್ರಿಶಾಲೆಗಳನ್ನು ನಡೆಯಿಸಿದುವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಕಣ್ಣುಜ್ಜಿಕೊಂಡು ಕ ಕಾ ಕಿ ಕೀ ಬರೆದ ಹುಡುಗನು ಪರೀಕ್ಷೆಯಲ್ಲಿ ತೇರ್ಗಡೆಯಾದುದನ್ನು ಸಂಘದ ವರದಿಗಳು ಎಣಿಸುವುವು. ಅವನು ತನ್ನ ಕೈಯಾರೆ ಬರೆದು ತಾನೇ ಅಂಟು ಹಚ್ಚಿದ ಮೊದಲ ಲಕೋಟೆಯನ್ನು ಯಾವ ವರದಿಯೂ ಎಣಿಸಿಲ್ಲ. ಇತ್ತ ಊರಿನಲ್ಲಿ ಹೆಣ್ಣುಮಕ್ಕಳು ಶಾಲೆಗೆ ಹೋಗತೊಡಗಿದಮೇಲೆ ಮನೆಯೊಳಗೇ ಓದುವವರು ಹುಟ್ಟಿಕೊಂಡರು. ಅತ್ತೆಗೆ ಬಂದ ಕಾಗದವನ್ನು ಸೊಸೆಯು ಓದಿ ಹೇಳುವ ಕಾಲ ಬಂದಿತು, ಆಮೇಲೆ ಸೊಸೆಯ ಹೆಸರಿಗೇ ಲಕೋಟೆ ಬರುವ ಕಾಲ. ೧೯೫೦ರಲ್ಲಿ ಬಂದ ಮಡಿಸಿ ಅಂಟಿಸುವ ಇನ್‌ಲೆಂಡ್ ಕಾಗದವು, ಕಾರ್ಡಿಗಿಂತ ಸ್ವಲ್ಪ ಹೆಚ್ಚು ಬೆಲೆಗೆ, ಬಡವನಿಗೂ ಮುಚ್ಚಿದ ಮಾತನ್ನು ಒದಗಿಸಿತು. ಅದರ ತೆರೆದ ಅಂಚಿನೊಳಗೆ ಕಣ್ಣು ಹಾಕಿ ಇಣಿಕಿ ನೋಡುವವರು ಇದ್ದೇ ಇದ್ದರೆಂಬುದೂ ಸುಳ್ಳಲ್ಲ.

ಕಾಗದದ ಮಾತು ಹೀಗಾಯಿತು. ತಂತಿಯದು ಬೇರೆ. ೧೮೫೫ರಿಂದ ದೇಶದಲ್ಲಿ ಸಾರ್ವಜನಿಕರಿಗೆ ತೆರೆದ ಟೆಲಿಗ್ರಾಮನ್ನು ಕಟ್ಟೆಯಿಂದ ಕಟ್ಟೆಗೆ ಗುಮಾಸ್ತರು ಓದಿಯೇ ಸಾಗಿಸಬೇಕು. ಶಬ್ದಕ್ಕಿಷ್ಟೆಂದು ಹಣ ತೆರಬೇಕಾದುದರಿಂದ ಮಾತನ್ನು ಕತ್ತರಿಸಿ ಬರೆಯಬೇಕು. ನಮ್ಮ ಹಳ್ಳಿಗಳಲ್ಲಿ ತಂತಿ ಬಂದಿತೆಂದರೆ ಒಡೆದು ಓದುವ ಮೊದಲೇ ಅಳು ಏಳುತ್ತಿತ್ತು. ಅಲ್ಲಿ ಗುಟ್ಟಿನ ಪ್ರಶ್ನೆಯೇ ಹುಟ್ಟಲಿಲ್ಲ.

ಗುಟ್ಟಿನ ಪ್ರಶ್ನೆ ಹುಟ್ಟಿದುದು ಕಾಯಿದೆಯಲ್ಲಿ. ೧೮೮೫ರ ಟೆಲಿಗ್ರಾಫ್ ಕಾಯಿದೆಯೂ ೧೮೯೮ರ ಅಂಚೆ ಕಾಯಿದೆಯೂ ಎರಡು ಬಾಯಿಯಿಂದ ಮಾತಾಡುತ್ತಿದ್ದುವು. ಕರ್ತವ್ಯಕ್ಕೆ ವಿರುದ್ಧವಾಗಿ ಕಾಗದವನ್ನು ಒಡೆದ ಅಂಚೆಯ ನೌಕರನಿಗೆ ೧೮೯೮ರ ಕಾಯಿದೆಯಲ್ಲಿ ಎರಡು ವರ್ಷದವರೆಗೆ ಸೆರೆಮನೆ. ಸಾರ್ವಜನಿಕ ಶಾಂತಿಯ ಹೆಸರಿನಲ್ಲಿ ಸರಕಾರವೇ ತಡೆದು ತೆರೆಯಬೇಕೆಂದರೆ ಅದಕ್ಕೆ ಅದೇ ಕಾಯಿದೆಯಲ್ಲಿ ಅನುಮತಿ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪರೀಕ್ಷಕರು ಒಡೆದು ಓದಿ, ಚೀಟಿ ಅಂಟಿಸಿ ಪುನಃ ಮುಚ್ಚಿದ ಲಕೋಟೆಗಳು ದೇಶದಲ್ಲೆಲ್ಲ ಹಂಚಲ್ಪಟ್ಟುವು. ಆ ಚೀಟಿಯಲ್ಲಿ ಒಂದು ಪ್ರಾಮಾಣಿಕತೆ ಇದ್ದಿತೆನ್ನಬೇಕು: ಓದಿದೆವೆಂದು ಓದಿದವರೇ ಹೇಳಿಕೊಳ್ಳುತ್ತಿದ್ದರು.

ಸ್ವತಂತ್ರ ಭಾರತದಲ್ಲಿಯೂ ಕಾಯಿದೆಯ ಎರಡನೆಯ ಬಾಯಿ ಮುಚ್ಚಲಿಲ್ಲ. ೧೯೮೬ರಲ್ಲಿ ಕಾಗದಗಳನ್ನು ತಡೆಹಿಡಿಯುವ ಅಧಿಕಾರವನ್ನು ವಿಸ್ತರಿಸುವ ಮಸೂದೆಯು ಪಾರ್ಲಿಮೆಂಟಿನ ಉಭಯ ಸಭೆಗಳಲ್ಲಿಯೂ ಅಂಗೀಕೃತವಾಯಿತು. ರಾಷ್ಟ್ರಪತಿ ಜೈಲ್‌ಸಿಂಗರು ಅಂಕಿತ ಹಾಕದೆ ಇಟ್ಟುಕೊಂಡರು. ಅದು ಕಾಯಿದೆಯಾಗಲೇ ಇಲ್ಲ. ೧೯೮೮ನೇ ಆಗಸ್ಟಿನಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು ದೂರವಾಣಿಯ ಕದ್ದಾಲಿಕೆಯ ಗದ್ದಲದಿಂದ ಪದವಿಯನ್ನು ಬಿಡಬೇಕಾಯಿತು. ಸುಪ್ರೀಮ್ ಕೋರ್ಟು ೧೯೯೬ನೇ ಡಿಸೆಂಬರಿನಲ್ಲಿ, ದೂರವಾಣಿಯ ಮಾತನ್ನು ಕದ್ದು ಕೇಳುವುದು ಖಾಸಗಿ ಬಾಳಿನ ಹಕ್ಕಿಗೆ ಧಕ್ಕೆಯೆಂದು ತೀರ್ಮಾನಿಸಿ, ಅಪ್ಪಣೆ ಕೊಡತಕ್ಕವರು ಯಾರು, ಎಷ್ಟು ಕಾಲ ಎಂಬುದಕ್ಕೆ ಕಟ್ಟುಪಾಡು ಹಾಕಿತು. ಕೊನೆಗೆ ೨೦೧೭ನೇ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು, ಅವರು ೨೦೨೪ರಲ್ಲಿ ತೀರಿಕೊಂಡರು. ಕನ್ನಡಿಗರು ಈ ಹೆಸರನ್ನು ಇನ್ನಷ್ಟು ಬಲ್ಲವರಾಗಿರಬೇಕಿತ್ತು.

ಈ ನಡುವೆ ನಮ್ಮ ಜನರ ಸಂದೇಶದ ಸಾಧನಗಳು ಒಂದರ ಹಿಂದೊಂದು ಬಂದು ಹೋದುವು. ಕೊಲ್ಲಿಯ ದೇಶಗಳಿಗೆ ದುಡಿಯಹೋದವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಹೊರಟವರ ಕೈಯಲ್ಲಿ ಕಳುಹಿಸುತ್ತಿದ್ದರು. ಮುದ್ರೆಯೊತ್ತಿದ ಓಲೆಯಂತೆ ಇದೂ ನಂಬಿಗಸ್ತನ ಚೀಲದಲ್ಲಿಯೇ ಬರಬೇಕು. ಬಳಿಕ ಪೇಟೆ ಪೇಟೆಗೂ ಎಸ್‌ಟಿಡಿ ಬೂತುಗಳು ಎದ್ದುವು. ಗಾಜಿನ ಪೆಟ್ಟಿಗೆಯೊಳಗೆ ನಿಂತು, ಹೊರಗೆ ಕಾಯುವವರ ಕಣ್ಣೆದುರಿಗೆ, ಏರುತ್ತಿರುವ ಕೆಂಪು ಅಂಕಿಗಳನ್ನು ನೋಡುತ್ತ ಆಡಿದ ಮಾತದು. ಆಮೇಲೆ ಮೊಬೈಲು, ಆಮೇಲೆ ಮೊಬೈಲಿನೊಳಗೆ ವಾಟ್ಸಾಪು.

೨೦೦೯ರಲ್ಲಿ ಹುಟ್ಟಿ ೨೦೧೪ರಲ್ಲಿ ಫೇಸ್‌ಬುಕ್ಕಿನವರ ವಶವಾದ ಈ ವಾಟ್ಸಾಪು ೨೦೧೬ನೇ ಏಪ್ರಿಲಿನಲ್ಲಿ ತನ್ನಲ್ಲಿಯ ಸಂದೇಶಗಳಿಗೆಲ್ಲ ಕೊನೆಯಿಂದ ಕೊನೆಯವರೆಗೆ ಬೀಗ ಹಾಕಿದೆನೆಂದು ಪ್ರಕಟಿಸಿತು. ಅದರ ತತ್ತ್ವವು ಇಷ್ಟು: ಕಳುಹಿಸುವವನ ಯಂತ್ರದಲ್ಲಿಯೇ ಮಾತು ಗೂಢಾಕ್ಷರವಾಗುವುದು, ಅದನ್ನು ಬಿಡಿಸುವ ಕೀಲಿಕೈ ಪಡೆಯುವವನ ಯಂತ್ರದಲ್ಲಿ ಮಾತ್ರ ಇರುವುದು, ನಡುವೆ ಸಾಗಿಸುವ ಕಂಪನಿಯ ಕೈಗೆ ಸಿಕ್ಕುವುದು ಅರ್ಥವಿಲ್ಲದ ಅಂಕಿಗಳ ರಾಶಿ. ಒಯ್ಯುವವನು ಓದಲಾರದ ಓಲೆ ಹೀಗೆ ಕೋಟ್ಯಂತರ ಸಾಮಾನ್ಯರ ಕೈಗೆ ಬಂದಿತು. ಚಿಕ್ಕದೇವರಾಜರ ಅಂಚೆಯವನು ಇದನ್ನು ಕಂಡಿದ್ದರೆ ಉದ್ಯೋಗ ಬಿಡುತ್ತಿದ್ದನು.

ಆದರೂ ಲಕೋಟೆಯ ಹೊರಮೈ ಉಳಿದೇ ಇದೆ. ಯಾರು ಯಾರಿಗೆ, ಯಾವಾಗ, ಎಷ್ಟು ಸಾರಿ ಬರೆದರೆಂಬುದು ಕಂಪನಿಗೆ ಗೊತ್ತಾಗತಕ್ಕದ್ದೇ. ಹಳೆಯ ಪೋಸ್ಟಿನವನೂ ಠಸ್ಸೆಯನ್ನು ನೋಡಿಯೇ ಮನೆಯ ಅರ್ಧ ಕಥೆಯನ್ನು ಊಹಿಸುತ್ತಿದ್ದನಷ್ಟೆ. ಅಲ್ಲದೆ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಬೀಗವಿಲ್ಲ. ಭಾರತದ ತಂತಿಸೇವೆಯು ೨೦೧೩ನೇ ಜುಲೈ ೧೫ರಿಂದ ನಿಂತಿತು. ಮುಂದಿನ ತಿಂಗಳಲ್ಲಿಯೇ ವಿದೇಶದಲ್ಲಿ 'ಟೆಲಿಗ್ರಾಮ್' ಎಂಬ ಹೆಸರಿನ ಸಂದೇಶದ ಆ್ಯಪು ಹುಟ್ಟಿತು. ಹೆಸರಿಗೆ ತಕ್ಕಂತೆ, ಅದರ ಸಾಮಾನ್ಯ ಸಂದೇಶಗಳಿಗೆ ಕೊನೆಯಿಂದ ಕೊನೆಯವರೆಗಿನ ಬೀಗವಿಲ್ಲ. ಗುಪ್ತ ಸಂಭಾಷಣೆಯೆಂದು ಬೇರೆಯಾಗಿ ಆರಿಸಿದರೆ ಮಾತ್ರ ಉಂಟು.

ಈಗ ಮೂರನೆಯವನು ಎಲ್ಲಿ ಹೋದನು? ದಾರಿಯಿಂದ ಅವನನ್ನು ಓಡಿಸಿದೆವು. ಅವನು ಎರಡು ತುದಿಗಳಿಗೂ ಬಂದು ಕುಳಿತನು. ಮನೆಯಲ್ಲಿ ಒಂದೇ ಮೊಬೈಲಿದ್ದು ಗಂಡನೋ ಮಗನೋ ಅದರ ಯಜಮಾನನಾಗಿರುವಲ್ಲಿ, ಹೆಂಗಸಿನ ಸಂದೇಶವು ಹಿಂದಣ ಜಗಲಿಗೇ ಹಿಂದಿರುಗಿದಂತಾಯಿತು. ಇದಕ್ಕೂ ಮಿಗಿಲಾದುದು ಪಡೆದವನೇ ಮೂರನೆಯವನಾಗುವುದು. ಹಿಂದೆ ಒಂದು ಕಾಗದವನ್ನು ನೂರು ಮಂದಿಗೆ ತೋರ್ಪಡಿಸಬೇಕಾದರೆ ಬೀದಿ ಸುತ್ತಬೇಕಾಗಿತ್ತು; ಈಗ ಬೆರಳ ತುದಿಯೊಂದೇ ಸಾಕು. ಗುಟ್ಟಾಗಿ ಆಡಿದ ಮಾತಿನ ಚಿತ್ರ ತೆಗೆದು ಗುಂಪಿಗೆ ಹಾಕುವುದನ್ನು ಯಾವ ಗೂಢಾಕ್ಷರವೂ ತಡೆಯಲಾರದು. ೨೦೧೮ನೇ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿರುವರೆಂಬ ಸುಳ್ಳು ವಾಟ್ಸಾಪಿನಲ್ಲಿ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಜನರು ಹೊಡೆದು ಕೊಂದರು. ದೇಶದಲ್ಲಿ ಇಂತಹ ಕೊಲೆಗಳು ಒಂದರ ಮೇಲೊಂದಾದುದರಿಂದ ಆ ತಿಂಗಳಲ್ಲಿಯೇ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಂದೇ ಸಲಕ್ಕೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸಲಾಗದಂತೆ ಮಾಡಹೊರಟಿತು.

ಈ ಕೊಲೆಗಳ ನೆನಪು ಹಸಿಯಾಗಿರುವಾಗಲೇ, ೨೦೨೧ರಲ್ಲಿ ಭಾರತ ಸರಕಾರವು ಹೊಸ ನಿಯಮವನ್ನು ಹೊರಡಿಸಿ, ಒಂದು ಸಂದೇಶವನ್ನು ಮೊತ್ತಮೊದಲು ಹುಟ್ಟಿಸಿದವನಾರೆಂದು ಕೇಳಿದಾಗ ದೊಡ್ಡ ಕಂಪನಿಗಳು ತೋರಿಸಿಕೊಡಬೇಕೆಂದಿತು. ವಾಟ್ಸಾಪಿನವರು ದಿಲ್ಲಿಯ ಹೈಕೋರ್ಟಿಗೆ ಹೋದರು. ಬೀಗವನ್ನು ಮುರಿಯಬೇಕಾದರೆ ಈ ದೇಶವನ್ನೇ ಬಿಡಬೇಕಾದೀತೆಂದು ೨೦೨೪ನೇ ಏಪ್ರಿಲಿನಲ್ಲಿ ಅವರ ವಕೀಲರು ನಿವೇದಿಸಿದರು. ಉಭಯ ಪಕ್ಷದಲ್ಲಿಯೂ ನ್ಯಾಯವಿದೆ. ಆದರೆ ಒಬ್ಬ ದುಷ್ಟನನ್ನು ಹುಡುಕುವುದಕ್ಕಾಗಿ ಪ್ರತಿಯೊಂದು ಓಲೆಗೂ ಗುರುತು ಹಾಕಿಡಬೇಕಾದರೆ, ಚರಿತ್ರೆಯನ್ನೋದಿದವನಿಗೆ ವಿಲ್ಕ್ಸನು ವರ್ಣಿಸಿದ ಅಂಚೆಯು ಕಣ್ಮುಂದೆ ಬರದೆ ಇರದು. ಅಲ್ಲದೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ. ೧೮೯೮ರ ಕಾಯಿದೆಯ ಬದಲಿಗೆ ೨೦೨೪ನೇ ಜೂನಿನಿಂದ ಜಾರಿಗೆ ಬಂದ ೨೦೨೩ರ ಅಂಚೆ ಕಚೇರಿ ಕಾಯಿದೆಯಲ್ಲಿ ತಡೆದು ತೆರೆಯುವ ಅಧಿಕಾರವು ಉಳಿದಿದೆ. ಅನ್ಯಾಯವಾಗಿ ಕಾಗದ ಒಡೆದ ನೌಕರನಿಗೆ ಹಿಂದೆ ಇದ್ದ ಸೆರೆಯ ಕಲಮು ಮಾತ್ರ ಅದರಲ್ಲಿಲ್ಲ. ಮುಚ್ಚಿದ ಲಕೋಟೆಯನ್ನು ಕಾಯುತ್ತಿದ್ದ ಕಾಯಿದೆಯ ಮಾತು ಇಷ್ಟು ಸುಲಭವಾಗಿ ಅಳಿದುಹೋದುದಕ್ಕೆ, ಕಾಗದವನ್ನು ಈಗ ಯಾರು ಬರೆಯುತ್ತಾರೆ ಎಂಬ ನಮ್ಮ ಉದಾಸೀನವೇ ಕಾರಣವಿರಬೇಕು. ಆಸ್ತಿಯ ನೋಟೀಸು, ನ್ಯಾಯಾಲಯದ ಸಮನ್ಸು, ಸೆರೆಮನೆಯಲ್ಲಿರುವವನ ಮಾತು ಇಂದಿಗೂ ಲಕೋಟೆಯಲ್ಲಿಯೇ ಬರುವುವು.

ಹೊಸ ಸಾಧನದಿಂದ ನಮ್ಮ ಪ್ರಾಂತಕ್ಕಾದ ಒಂದು ದೊಡ್ಡ ಲಾಭವನ್ನು ಹೇಳದೆ ಬಿಡಲಾಗದು. ಧ್ವನಿಯ ಸಂದೇಶ ಬಂದುದರಿಂದ ಮೇಷ್ಟರ ಒಕ್ಕಣೆ ಹೋಯಿತು. ಗಂಗೊಳ್ಳಿಯ ತಾಯಿಯು ದುಬಾಯಿಯಲ್ಲಿರುವ ಮಗನಿಗೆ 'ಬರ್ಕ್' ಎಂದೇ ಹೇಳುವಳು, ಅವನಿಗೆ 'ಬರ್ಕ್' ಎಂದೇ ಕೇಳುವುದು. ಅಕ್ಷರ ಬಾರದವಳ ಖಾಸಗಿ ಮಾತು ಪರರ ಕೈ ಸೋಕದೆ, ಪರರ ನಾಲಗೆ ತಾಗದೆ, ಮನೆಮಾತಿನಲ್ಲಿಯೇ ಕಡಲು ದಾಟಿತು. ಈಚಿನ ವರ್ಷಗಳಲ್ಲಿ ಆಸಾಡಿ ಅಮಾವಾಸ್ಯೆಯಂದು ಆಚರಿಸುತ್ತಿರುವ ಕುಂದಾಪ್ರ ಕನ್ನಡ ದಿನದ ಉತ್ಸಾಹಕ್ಕೆ ಈ ಧ್ವನಿಯ ಓಲೆಗಳೂ ಒಂದು ಒತ್ತಾಸೆಯೆಂದು ನನಗೆ ತೋರುತ್ತದೆ.

ನಷ್ಟವಾಗಿರುವುದು ಚರಿತ್ರಕಾರನಿಗೆ. ೨೦೨೦ರಿಂದ ವಾಟ್ಸಾಪಿನಲ್ಲಿ ತಾನಾಗಿಯೇ ಅಳಿಸಿಹೋಗುವ ಸಂದೇಶಗಳೂ ಬಂದಿವೆ. ಹಿಂದೆ ಹಳೆಯ ಮನೆಗಳಲ್ಲಿ ಪಕ್ಕಾಸಿನಿಂದ ಇಳಿಬಿಟ್ಟ ಬಾಗಿದ ಸರಿಗೆಗೆ ಬಂದ ಕಾರ್ಡು ಕಾಗದಗಳನ್ನು ಚುಚ್ಚಿಡುತ್ತಿದ್ದರು. ಹೊಗೆ ಹಿಡಿದು ಕಂದಿದ ಅಂತಹ ಕಟ್ಟುಗಳು ಹಂಚಿನ ಮಾಡನ್ನು ಕಳಚಿ ತಾರಸಿ ಹಾಕಿಸುವಾಗ ಈಗಲೂ ಅಲ್ಲಲ್ಲಿ ದೊರೆಯುತ್ತಿರುವುವು, ದೊರೆತ ದಿನವೇ ಬೆಂಕಿಗೂ ಬೀಳುತ್ತಿರುವುವು. ಮನ್ರೋವಿನ ಕಾಗದಗಳಂತೆ ಇವನ್ನೂ ಅಚ್ಚುಹಾಕಿಬಿಡಬೇಕೆಂದು ನಾನು ಹೇಳಲಾರೆನು. ಬರೆದವರನ್ನು ಕೇಳುವಂತಿಲ್ಲ, ಚರಿತ್ರಕಾರನೂ ಇಲ್ಲಿ ಮೂರನೆಯವನೇ. ಮನೆಯವರು ತಾವೇ ಓದಿ, ಮುಚ್ಚಿಡಬೇಕಾದುದನ್ನು ಮುಚ್ಚಿಟ್ಟು, ಕಾಗದದ ತಾರೀಕು, ಎಲ್ಲಿಂದ ಎಲ್ಲಿಗೆ ಎಷ್ಟು ದಿನದಲ್ಲಿ ಬಂದಿತೆಂದು ತೋರಿಸುವ ಠಸ್ಸೆಗಳು, ಮುಡಿ ಅಕ್ಕಿಯ ಬೆಲೆ, ಹೋಟೆಲಿನ ಸಂಬಳ, ಮಂಜಿ ಬಂದ ಮತ್ತು ಹೋದ ದಿನಗಳು, ಬರೆದುಕೊಟ್ಟವರ ಕೈ ಯಾವುದು, ಇಷ್ಟನ್ನು ಒಂದು ಪುಸ್ತಕದಲ್ಲಿ ನಕಲು ಮಾಡಿಟ್ಟರೆ ಸಾಕು. ಮಾಡು ಕಳಚುವವರು ಸರಿಗೆಯನ್ನು ಗುಜರಿಗೆ ಹಾಕುವ ಮೊದಲು ಅದರಲ್ಲಿರುವುದನ್ನು ಬಿಡಿಸಿ ನೋಡುವಂತಾಗಲಿ.